ತೂತಿನೊಳಗಣ ತಾಮ್ರ

ಕೆಟ್ಟುಹೋದ ರೇಡಿಯೋ ಒಂದರ ಹಿಂಬದಿಯ ಮುಚ್ಚಳವನ್ನು ತೆಗೆದು ಒಳಗೆ ಇಣುಕಿದವರಿಗೆ ಹಸಿರು ಬಣ್ಣದ ಹಲಗೆಯೊಂದು ಕಂಡಿರುತ್ತದೆ. ಅದರ ಮೇಲೆ ಸಣ್ಣ ಸಣ್ಣ ಬಿಡಿಭಾಗಗಳು ಹಳ್ಳಿಯ ಮನೆಗಳಂತೆ ಕುಳಿತಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಕಾಲುದಾರಿಗಳಂತೆ ತೆಳುವಾದ ತಾಮ್ರದ ಗೆರೆಗಳು ಹರಿದಿರುತ್ತವೆ. ಇದನ್ನು ಮುದ್ರಿತ ವಿದ್ಯುನ್ಮಂಡಲ ಫಲಕವೆಂದು ಕರೆಯುತ್ತಾರೆ. ಗಡಿಯಾರದಿಂದ ಹಿಡಿದು ಕೃತಕ ಉಪಗ್ರಹದವರೆಗೆ ಇದಿಲ್ಲದ ವಿದ್ಯುನ್ಮಾನ ಉಪಕರಣ ಇಂದು ಇಲ್ಲವೆಂದರೂ ಸಲ್ಲುತ್ತದೆ.

ಹಿಂದೆ ಹೀಗಿರಲಿಲ್ಲ. ರೇಡಿಯೋದ ಪ್ರತಿಯೊಂದು ಭಾಗವನ್ನೂ ತಂತಿಯಿಂದ ಕೈಯಾರೆ ಜೋಡಿಸಿ ಬೆಸೆಯುತ್ತಿದ್ದರು. ಒಂದು ತಂತಿ ತಪ್ಪಿದರೆ ರೇಡಿಯೋ ಮೂಕ. ವಿಯೆನ್ನಾದಲ್ಲಿ 1907ರಲ್ಲಿ ಹುಟ್ಟಿ, 1936ರಲ್ಲಿ ಇಂಗ್ಲೆಂಡಿಗೆ ವಲಸೆ ಹೋದ ಪಾಲ್ ಐಸ್ಲರ್ ಎಂಬ ಎಂಜಿನಿಯರು ಮುದ್ರಣದ ಕೆಲಸವನ್ನೂ ಬಲ್ಲವರಾಗಿದ್ದರು. ಚಿತ್ರಗಳನ್ನು ಅಚ್ಚು ಹಾಕಲು ಲೋಹದ ತಗಡನ್ನು ಆಮ್ಲದಿಂದ ಕೊರೆಯುವಂತೆ, ಅವಾಹಕ ಹಲಗೆಗೆ ಅಂಟಿಸಿದ ತಾಮ್ರದ ಹಾಳೆಯಲ್ಲಿ ಬೇಡವಾದ ಭಾಗವನ್ನು ಕರಗಿಸಿಬಿಟ್ಟರೆ ಉಳಿಯುವ ತಾಮ್ರವೇ ತಂತಿಯ ಕೆಲಸವನ್ನು ಮಾಡಬಾರದೇಕೆ? ಈ ವಿಚಾರವನ್ನು ಅವರು ಬೆಳೆಸಿ 1943ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮುದ್ರಿತ ಮಂಡಲಗಳು ಮನೆಮನೆಯ ಉಪಕರಣಗಳೊಳಕ್ಕೆ ಬಂದವು.

ಆದರೆ ಒಂದು ತೊಡಕಿತ್ತು. ಹಲಗೆಯ ಒಂದೇ ಮೈಮೇಲೆ ಎಳೆದ ಎರಡು ಗೆರೆಗಳು ಒಂದನ್ನೊಂದು ದಾಟುವಂತಿಲ್ಲ. ದಾಟಿದರೆ ಎರಡೂ ಕೂಡಿಕೊಳ್ಳುತ್ತವೆ. ರೈಲು ಹಳಿಯನ್ನು ರಸ್ತೆ ದಾಟಬೇಕಾದಾಗ ಸೇತುವೆ ಕಟ್ಟುತ್ತೇವಷ್ಟೆ. ಇಲ್ಲಿ ಸೇತುವೆಯ ಬದಲು ಹಲಗೆಯ ಎರಡನೆಯ ಮೈಯನ್ನು ಬಳಸಿಕೊಳ್ಳುತ್ತಾರೆ. ಒಂದು ಗೆರೆ ಮೇಲೆ, ಇನ್ನೊಂದು ಕೆಳಗೆ. ಮೇಲಿನ ಗೆರೆ ಕೆಳಗಿಳಿಯಬೇಕಾದ ಕಡೆ ಒಂದು ತೂತು. ತೂತಿನ ಒಳಗೋಡೆಗೆ ತಾಮ್ರವನ್ನು ಲೇಪಿಸಿಬಿಟ್ಟರೆ ಎರಡು ಮೈಗಳ ನಡುವೆ ವಿದ್ಯುತ್ತಿಗೆ ದಾರಿಯಾಯಿತು.

ಹೇಳುವುದು ಸುಲಭ. ಹಲಗೆಯಾದರೋ ಗಾಜಿನ ನೂಲಿನ ಬಟ್ಟೆಯನ್ನು ಎಪಾಕ್ಸಿ ಎಂಬ ರಾಳದಲ್ಲಿ ತೋಯಿಸಿ ಗಟ್ಟಿಮಾಡಿದ್ದು. ಗಾಜೂ ಅವಾಹಕ, ರಾಳವೂ ಅವಾಹಕ. ವಿದ್ಯುತ್ತನ್ನು ಹರಿಸಿ ಲೋಹವನ್ನು ಲೇಪಿಸುವ ವಿದ್ಯುಲ್ಲೇಪನದ ವಿಧಾನವನ್ನು ನೀವು ಓದಿದ್ದೀರಿ. ಅದರಲ್ಲಿ ಲೇಪನಗೊಳ್ಳುವ ವಸ್ತು ವಾಹಕವಾಗಿರಲೇಬೇಕು. ತಾಮ್ರದ ಹಂಡೆಗೆ ಕಲಾಯಿ ಹಾಕಬಹುದು. ಮರದ ಮರಿಗೆಗೆ ಕಲಾಯಿ ಹಾಕಲಾದೀತೆ? ತೂತಿನ ಗೋಡೆಗೆ ತಾಮ್ರವನ್ನು ಹಚ್ಚುವುದು ಹೆಚ್ಚುಕಡಮೆ ಮರಿಗೆಗೆ ಕಲಾಯಿ ಹಾಕಿದಂತೆಯೇ ಸರಿ.

ಈ ಒಗಟನ್ನು ಮನೆಯಲ್ಲಿಯೇ ಬಿಡಿಸಲು ಹೊರಟವನು ನನ್ನ ಸೋದರಳಿಯ. ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದ ಅವನಿಗೆ ಮಲೆನಾಡಿನಲ್ಲಿರುವ ತಂದೆಯ ಅಡಿಕೆ ತೋಟಕ್ಕೆ ಒಂದು ಕಾವಲುಗಾರನನ್ನು ಮಾಡಬೇಕೆಂಬ ಹಂಬಲ. ಬೇಸಗೆಯಲ್ಲಿ ಬಾವಿಯ ನೀರು ತಳ ಕಂಡ ಮೇಲೂ ಪಂಪಿನ ಮೋಟಾರು ತಿರುಗುತ್ತಲೇ ಇದ್ದರೆ ಅದು ಕಾದು ಸುಟ್ಟುಹೋಗುತ್ತದೆ. ನೀರು ಮುಗಿದುದನ್ನು ಅರಿತು ಮೋಟಾರನ್ನು ತಾನಾಗಿ ನಿಲ್ಲಿಸುವ ಉಪಕರಣ ಅವನದು. ಹತ್ತು ಸೆಂಟಿಮೀಟರು ಉದ್ದ, ಎಂಟು ಸೆಂಟಿಮೀಟರು ಅಗಲದ ಫಲಕ. ಅದರಲ್ಲಿ ಸುಮಾರು 200 ತೂತುಗಳು.

“ಪ್ರತಿ ತೂತಿನಲ್ಲೂ ಒಂದು ತುಂಡು ತಂತಿಯನ್ನು ತೂರಿಸಿ ಎರಡೂ ಕಡೆ ಬೆಸೆದರಾಯಿತಲ್ಲ?” ಎಂದೆ.

“ಆಗ ನಾನೂರು ಬೆಸುಗೆ ಆಗ್ತದೆ ಮಾವ. ಅದೂ ಅಲ್ಲದೆ ಚಿಪ್ಪಿನ ಅಡಿಯಲ್ಲಿರೋ ತೂತಿಗೆ ಬೆಸುಗೆ ಕಡ್ಡಿ ಹೋಗೋದೇ ಇಲ್ಲ” ಎಂದ.

ಫಲಕಗಳನ್ನು ಕಾರ್ಖಾನೆಗೆ ಹೇಳಿ ಮಾಡಿಸಿಕೊಳ್ಳುವುದು ಇಂದು ಕಷ್ಟವೂ ಅಲ್ಲ, ಬಹಳ ದುಬಾರಿಯೂ ಅಲ್ಲ. ಬೇಕಾದುದು ಫಲಕ ಮಾತ್ರವಾಗಿದ್ದರೆ ಹಾಗೆ ಮಾಡುವುದೇ ಜಾಣತನವೆಂದು ನನ್ನ ಎಣಿಕೆ. ಅವನಿಗೆ ಬೇಕಾದದ್ದು ಫಲಕ ಮಾತ್ರವಾಗಿರಲಿಲ್ಲ.

ಕಾರ್ಖಾನೆಗಳಲ್ಲಿ ಈ ಒಗಟಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಉತ್ತರವೆಂದರೆ ಪಲ್ಲಾಡಿಯಂ. ತವರ ಮತ್ತು ಪಲ್ಲಾಡಿಯಂ ಲೋಹಗಳ ಅತಿಸೂಕ್ಷ್ಮ ಕಣಗಳಿರುವ ದ್ರವದಲ್ಲಿ ಹಲಗೆಯನ್ನು ಅದ್ದಿದರೆ ಆ ಕಣಗಳು ತೂತಿನ ಗೋಡೆಗೆ ಅಂಟಿಕೊಳ್ಳುತ್ತವೆ. ಬಳಿಕ, ವಿದ್ಯುತ್ತಿಲ್ಲದೆಯೇ ತಾಮ್ರವನ್ನು ಕೂರಿಸುವ ರಾಸಾಯನಿಕ ದ್ರವದಲ್ಲಿ ಅದನ್ನು ಮುಳುಗಿಸುತ್ತಾರೆ. ಪಲ್ಲಾಡಿಯಂ ಬೆಲೆಬಾಳುವ ಲೋಹ. ಆ ರಾಸಾಯನಿಕ ದ್ರವದಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ; ಅದು ಕ್ಯಾನ್ಸರ್ ತರುವ ವಸ್ತು. ಮನೆಗೆ ಇವೆರಡೂ ಒಗ್ಗುವಂಥವಲ್ಲ.

ಇನ್ನೊಂದು ದಾರಿ ಬಹು ಹಳೆಯದು. ತಾಮ್ರವನ್ನು ವಿದ್ಯುತ್ತಿನಿಂದ ಅಚ್ಚಿನ ಮೇಲೆ ಬೆಳೆಸಿ ಪ್ರತಿಕೃತಿ ತೆಗೆಯುವ ವಿಧಾನವನ್ನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಮೊರಿಟ್ಸ್ ಜಾಕೋಬಿ 1838ರಲ್ಲಿ ಪ್ರಕಟಿಸಿದರು. ಅಚ್ಚು ಲೋಹದ್ದಾದರೆ ಸರಿ, ಮೇಣದ್ದಾದರೆ ಹೇಗೆ? ಮೇಣದ ಮೈಗೆ ಗ್ರಾಫೈಟಿನ ಪುಡಿಯನ್ನು ಸವರಿದರೆ ಸಾಕೆಂದು 1840ರಲ್ಲಿ ಲಂಡನ್ನಿನ ರಾಬರ್ಟ್ ಮರ್ರೆ ತೋರಿಸಿದರು. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟು ಇಂಗಾಲದ ಒಂದು ರೂಪ, ಅದು ವಾಹಕ. ಮುಂದೆ ಹಲವು ದಶಕಗಳ ಕಾಲ ಪುಸ್ತಕಗಳನ್ನು ಅಚ್ಚುಹಾಕುವ ತಾಮ್ರದ ಫಲಕಗಳನ್ನು ಹೀಗೆಯೇ, ಗ್ರಾಫೈಟು ಬಳಿದ ಮೇಣದ ಅಚ್ಚಿನ ಮೇಲೆ ಬೆಳೆಸುತ್ತಿದ್ದರು. ಮೇಣಕ್ಕೆ ಆದದ್ದು ಎಪಾಕ್ಸಿಗೂ ಆದೀತು. ಇಂಗಾಲವನ್ನು ಬಳಸುವ ಕಾರ್ಖಾನೆಗಳೂ ಇಂದು ಇವೆ.

ನನ್ನ ಅಳಿಯ ಹಿಡಿದದ್ದು ಈ ದಾರಿಯನ್ನೇ. ಗ್ರಾಫೈಟಿನ ಬದಲು ಅವನು ಆರಿಸಿಕೊಂಡದ್ದು ನಕ್ಷೆ ಬರೆಯುವ ಕಪ್ಪು ಶಾಯಿ. ಅದರ ಬಣ್ಣ ದೀಪದ ಮಸಿಯದು, ಎಂದರೆ ಇಂಗಾಲದ್ದು.

ಮೊದಲ ಕೆಲಸ ತೂತು ಕೊರೆಯುವುದು. ಹಲಗೆಯ ದಪ್ಪ 1.6 ಮಿಲಿಮೀಟರು, ಎರಡೂ ಮೈಮೇಲೆ ಅಂಟಿಸಿದ ತಾಮ್ರದ ಹಾಳೆಯ ದಪ್ಪ 35 ಮೈಕ್ರೋಮೀಟರು. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರೋಮೀಟರುಗಳೆಂಬುದು ನಿಮಗೆ ಗೊತ್ತೇ ಇದೆ. ತೂತಿನ ವ್ಯಾಸ 0.8 ಮಿಲಿಮೀಟರು. ಗಾಜು ಸಾಮಾನ್ಯ ಉಕ್ಕಿನ ಮೊನೆಯನ್ನು ಬೇಗ ಮೊಂಡಾಗಿಸುತ್ತದೆ. ಮೊಂಡಾದ ಮೊನೆ ಕೊರೆಯುವುದಕ್ಕಿಂತ ಹೆಚ್ಚಾಗಿ ಉಜ್ಜುತ್ತದೆ. ಉಜ್ಜಿದ ಶಾಖಕ್ಕೆ ರಾಳ ಮೆತ್ತಗಾಗಿ ತಾಮ್ರದ ಅಂಚಿಗೆ ಮೆತ್ತಿಕೊಳ್ಳುತ್ತದೆ. ಆದುದರಿಂದ ಟಂಗ್‌ಸ್ಟನ್ ಕಾರ್ಬೈಡಿನ ಮೊನೆಯೇ ಬೇಕು. ಏಳುವ ದೂಳಿನಲ್ಲಿ ಗಾಜಿನ ಪುಡಿಯಿರುವುದರಿಂದ ಮೂಗುಬಾಯಿಗೆ ಸರಿಯಾದ ಮುಖವಾಡವಿಲ್ಲದೆ ಈ ಕೆಲಸಕ್ಕೆ ಕೈಯಿಕ್ಕಬಾರದು.

ಇಲ್ಲಿ ಚುರುಕಾದ ವಿದ್ಯಾರ್ಥಿಗೆ ಒಂದು ಪ್ರಶ್ನೆ ಏಳಬಹುದು. ಗೆರೆಗಳನ್ನು ಮೊದಲು ಮೂಡಿಸಿ, ಆಮೇಲೆ ತೂತುಗಳಿಗೆ ತಾಮ್ರ ಹಾಕಬಾರದೇಕೆ? ಗೆರೆಗಳು ಮೂಡಿದ ಮೇಲೆ ಅವು ಒಂದಕ್ಕೊಂದು ಸಂಬಂಧವಿಲ್ಲದ ದ್ವೀಪಗಳಾಗುತ್ತವೆ. ಲೇಪನಕ್ಕೆ ಬೇಕಾದ ವಿದ್ಯುತ್ತನ್ನು ಪ್ರತಿಯೊಂದು ದ್ವೀಪಕ್ಕೂ ಬೇರೆಬೇರೆಯಾಗಿ ಒದಗಿಸಬೇಕಾಗುತ್ತದೆ. ಹಾಳೆ ಇಡಿಯಾಗಿರುವಾಗಲಾದರೋ ಮೂಲೆಯಲ್ಲಿ ಒಂದು ಚಿಮಟ ಕಚ್ಚಿಸಿದರೆ ಸಾಕು, ಎಲ್ಲ ತೂತುಗಳಿಗೂ ವಿದ್ಯುತ್ತು ತಲುಪುತ್ತದೆ.

ಕೊರೆದ ಹಲಗೆಯನ್ನು ಸಾಬೂನಿನಿಂದ ತೊಳೆದು, ತೆಳುಮಾಡಿದ ಶಾಯಿಯಲ್ಲಿ ಅದ್ದಿ, ತೂತುಗಳಲ್ಲಿ ನಿಂತ ಶಾಯಿಯನ್ನು ಗಾಳಿಯಿಂದ ಎಳೆದು, ಒಲೆಯಲ್ಲಿ ಒಣಗಿಸಬೇಕು. ಶಾಯಿ ತೂತನ್ನು ಮುಚ್ಚಬಾರದು. ಗೋಡೆಗೆ ಮಾತ್ರ ಕಾಡಿಗೆಯಂತೆ ಹತ್ತಿರಬೇಕು. ಅಳಿಯ ಇದನ್ನು ಎರಡು ಸಲ ಮಾಡಿದ. ಆಮೇಲೆ ಮೇಲ್ಮೈಗಳ ಮೇಲಿನ ಕಪ್ಪನ್ನು ಎಮರಿ ಕಾಗದದಿಂದ ಉಜ್ಜಿ ತೆಗೆದ. ತಾಮ್ರ ಕೆಂಪಾಗಿ ಹೊಳೆಯಿತು.

ಇನ್ನು ಲೇಪನದ ತೊಟ್ಟಿ. ಅದರಲ್ಲಿ ಇರುವುದು ತಾಮ್ರದ ಸಲ್ಫೇಟು, ಎಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮದ್ದಿಗೆ ನಮ್ಮ ತೋಟಿಗರು ಬಳಸುವ ಮೈಲುತುತ್ತ, ಜೊತೆಗೆ ಗಂಧಕಾಮ್ಲ. ಒಂದು ಲೀಟರು ದ್ರವದಲ್ಲಿ ಮೈಲುತುತ್ತ ಸುಮಾರು 70 ಗ್ರಾಂ, ಆಮ್ಲ ಸುಮಾರು 200 ಗ್ರಾಂ. ತಾಮ್ರಕ್ಕಿಂತ ಆಮ್ಲವೇ ಹೆಚ್ಚಾಯಿತಲ್ಲ ಎನ್ನಿಸುತ್ತದೆ. ವಿದ್ಯುತ್ಪ್ರವಾಹ ಯಾವಾಗಲೂ ಸುಲಭದ ದಾರಿಯನ್ನು ಅರಸುತ್ತದೆ. ಹಲಗೆಯ ಅಂಚಿಗೂ ತೂತಿನ ಬಾಯಿಗೂ ಹೆಚ್ಚು ಹರಿಯುತ್ತದೆ, ತೂತಿನ ನಡುಭಾಗವನ್ನು ಹಸಿವಿನಲ್ಲಿಡುತ್ತದೆ. ಆಮ್ಲ ಹೆಚ್ಚಿದಷ್ಟೂ ದ್ರವ ಒಳ್ಳೆಯ ವಾಹಕವಾಗಿ ಈ ಪಂಕ್ತಿಭೇದ ಕಡಮೆಯಾಗುತ್ತದೆ. ತೂತಿನೊಳಗಿನ ದ್ರವ ಬದಲಾಗುತ್ತಿರಲೆಂದು ಹಲಗೆಯನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿರಬೇಕು.

ಆಮ್ಲವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಬೆರೆಸಬೇಕೇ ಹೊರತು ನೀರನ್ನು ಆಮ್ಲಕ್ಕೆ ಎಂದೂ ಸುರಿಯಬಾರದು. ಸುರಿದರೆ ಹುಟ್ಟುವ ಶಾಖಕ್ಕೆ ದ್ರವ ಕುದಿದು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಚೀಲ, ಪಕ್ಕದಲ್ಲಿ ಬಕೆಟ್ಟು ತುಂಬ ನೀರು ಇವಿಷ್ಟೂ ಇರಬೇಕು. ಒಬ್ಬ ತಿಳಿದ ಹಿರಿಯರೂ ಜೊತೆಗಿರಬೇಕು. ಈ ಪಾಠವನ್ನು ಓದಿದ ಮಾತ್ರಕ್ಕೆ ನೀವು ಒಬ್ಬರೇ ಈ ಪ್ರಯೋಗಕ್ಕೆ ತೊಡಗತಕ್ಕದ್ದಲ್ಲ. ಅಡುಗೆಮನೆಯಂತೂ ಇದಕ್ಕೆ ಜಾಗವೇ ಅಲ್ಲ. ನಮ್ಮ ತೊಟ್ಟಿ ಇದ್ದದ್ದು ಹಿತ್ತಲಿನ ಹಳೆಯ ಕೊಟ್ಟಿಗೆಯಲ್ಲಿ.

ತೊಟ್ಟಿಯ ಎರಡು ಪಕ್ಕಗಳಲ್ಲಿ ತಾಮ್ರದ ಪಟ್ಟಿಗಳು, ಅವು ಧನಾಗ್ರ. ನಡುವೆ ತೂಗುವ ಹಲಗೆ ಋಣಾಗ್ರ. ಎಷ್ಟು ಹೊತ್ತು ಪ್ರವಾಹ ಹರಿಸಬೇಕು? ಇದನ್ನು ಊಹಿಸಬೇಕಾಗಿಲ್ಲ, ಫ್ಯಾರಡೆಯ ನಿಯಮದಿಂದ ಲೆಕ್ಕ ಹಾಕಬಹುದು. ಒಂದು ಆಂಪೇರ್ ಪ್ರವಾಹ ಒಂದು ಗಂಟೆ ಹರಿದರೆ 1.186 ಗ್ರಾಂ ತಾಮ್ರ ಕೂರುತ್ತದೆ. ನಮ್ಮ ಹಲಗೆಯ ಎರಡು ಮೈಗಳ ವಿಸ್ತೀರ್ಣ 160 ಚದರ ಸೆಂಟಿಮೀಟರು. ನೂರು ಚದರ ಸೆಂಟಿಮೀಟರಿಗೆ ಎರಡು ಆಂಪೇರಿನಂತೆ 3.2 ಆಂಪೇರ್ ಹರಿಸಿದರೆ ಗಂಟೆಗೆ ಸುಮಾರು 3.8 ಗ್ರಾಂ ತಾಮ್ರ ಕೂತಿತು. ತಾಮ್ರದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 8.96 ಗ್ರಾಂ. ಭಾಗಿಸಿ ನೋಡಿದರೆ ಲೇಪನದ ದಪ್ಪ 26 ಮೈಕ್ರೋಮೀಟರಿನಷ್ಟಾಗುತ್ತದೆ. ತೂತಿನ ಗೋಡೆಗೆ 25 ಮೈಕ್ರೋಮೀಟರು ಇದ್ದರೆ ಒಳ್ಳೆಯದೆಂದು ಬಲ್ಲವರ ಮತ. ಒಂದು ಗಂಟೆ ಸಾಕು.

ಹತ್ತು ನಿಮಿಷವಾದ ಮೇಲೆ ಹಲಗೆಯನ್ನು ಎತ್ತಿ ಬೆಳಕಿಗೆ ಹಿಡಿದೆವು. ತೂತಿನ ಎರಡೂ ಬಾಯಿಗಳಿಂದ ನಸುಗೆಂಪು ಉಂಗುರ ಒಳಕ್ಕೆ ಇಳಿದಿತ್ತು, ನಡುವೆ ಇನ್ನೂ ಕಪ್ಪು. ಮಸಿಯ ತೆಳುಪದರ ಅಷ್ಟೇನೂ ಒಳ್ಳೆಯ ವಾಹಕವಲ್ಲ. ತಾಮ್ರ ಮೊದಲು ಹಾಳೆಯ ಅಂಚಿನಲ್ಲಿ ಕೂತು, ಅಲ್ಲಿಂದ ಹೆಜ್ಜೆಹೆಜ್ಜೆಯಾಗಿ ಒಳಕ್ಕೆ ತೆವಳುತ್ತದೆ. ಬೆಟ್ಟದ ಎರಡು ಕಡೆಯಿಂದಲೂ ಸುರಂಗ ತೋಡುವವರು ನಡುವೆ ಸಂಧಿಸುವಂತೆ ಎರಡು ಉಂಗುರಗಳೂ ಕೊನೆಗೆ ಕೂಡಿಕೊಂಡವು. ಅಂದು ಅಳಿಯ ಊಟಕ್ಕೂ ಏಳಲಿಲ್ಲ.

ಉಳಿದ ಕೆಲಸವನ್ನು ಬೇಗನೆ ಹೇಳಿ ಮುಗಿಸಬಹುದು. ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ನೀಲಿ ಪೊರೆಯನ್ನು ಹಲಗೆಗೆ ಅಂಟಿಸಿ, ಗೆರೆಗಳ ನಕ್ಷೆಯುಳ್ಳ ಪಾರದರ್ಶಕ ಹಾಳೆಯನ್ನು ಮೇಲಿಟ್ಟು ಅತಿನೇರಿಳೆ ಬೆಳಕಿಗೆ ಒಡ್ಡುತ್ತಾರೆ. ಬೆಳಕು ತಾಗದ ಪೊರೆ ಒಗೆಯುವ ಸೋಡಾದ ತೆಳುದ್ರಾವಣದಲ್ಲಿ ಕರಗಿಹೋಗುತ್ತದೆ. ಉಳಿದ ಪೊರೆ ಗೆರೆಗಳನ್ನು ಮುಚ್ಚಿರುತ್ತದೆ. ತೂತುಗಳ ಬಾಯಿಗೂ ಡೇರೆಯಂತೆ ಹರಡಿಕೊಂಡು ಒಳಗಿನ ತಾಮ್ರವನ್ನು ಕಾಯುತ್ತದೆ. ಆಮೇಲೆ ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದರೆ ಬಯಲಿಗೆ ಬಿದ್ದ ತಾಮ್ರ ಕರಗಿ ಗೆರೆಗಳು ಉಳಿಯುತ್ತವೆ.

ಫಲಕ ಸಿದ್ಧವಾಯಿತು. ಬಿಡಿಭಾಗಗಳನ್ನು ಬೆಸೆದದ್ದಾಯಿತು. ಸಂಜೆ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿತ್ತು. ಮರುವಾರ ಅದನ್ನು ತೋಟದ ಪಂಪುಮನೆಯಲ್ಲಿ ಕೂರಿಸಿದ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬಾವಿ ಬತ್ತಿತು. ಮೋಟಾರು ನಿಲ್ಲಲಿಲ್ಲ. ವಾಸನೆ ಮೂಗಿಗೆ ಬಡಿದು ಭಾವನವರು ಓಡಿಹೋಗಿ ಗುಂಡಿ ಒತ್ತುವ ಹೊತ್ತಿಗೆ ಅದರ ಸುರುಳಿ ಸುಟ್ಟು ಕರಕಲಾಗಿತ್ತು. ಸುರುಳಿ ಸುತ್ತಿಸಿ ತರುವ ತನಕ ತೋಟಕ್ಕೆ ನೀರಿಲ್ಲ. ಅವರು ಮಗನನ್ನು ಒಂದು ಮಾತೂ ಅನ್ನಲಿಲ್ಲವಂತೆ. ಅದೇ ಅವನಿಗೆ ಹೆಚ್ಚು ನೋವಾಗಿತ್ತು. ಫಲಕವನ್ನು ಚೀಲದಲ್ಲಿಟ್ಟುಕೊಂಡು ನನ್ನಲ್ಲಿಗೆ ಬಂದ.

ರಾತ್ರಿ ಪರೀಕ್ಷಿಸಿದೆವು. ಫಲಕ ಸರಿಯಾಗಿಯೇ ಕೆಲಸ ಮಾಡಿತು! ಇದಕ್ಕಿಂತ ಹತಾಶೆ ತರುವ ಸಂಗತಿ ಬೇರೆ ಇಲ್ಲ. ಕೊನೆಗೆ ಅವನೇ, “ಪಂಪುಮನೆಗೆ ತಗಡಿನ ಮಾಡು, ಮಾವ. ಅಲ್ಲಿ ಮಧ್ಯಾಹ್ನ ಒಲೆಯ ಹಾಗೆ ಕಾಯ್ತದೆ” ಎಂದು ಹೇಳಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿಯನ್ನು ಫಲಕದ ಮೇಲೆ ಹಾಯಿಸಿದ. ಒಂದು ತೂತಿನಲ್ಲಿ ಸಂಪರ್ಕ ಕಡಿಯಿತು. ತಣ್ಣಗಾದಾಗ ಮತ್ತೆ ಕೂಡಿತು.

ಆ ತೂತಿನ ನಡುವೆ ಹಾಯುವಂತೆ ಫಲಕವನ್ನು ಗರಗಸದಿಂದ ಕೊಯ್ದು, ಕೊಯ್ದ ಮೈಯನ್ನು ನಯಗೊಳಿಸಿ, ನಮ್ಮ ಶಾಲೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆವು. ತೂತಿನ ಗೋಡೆಯ ಉದ್ದಕ್ಕೂ ತಾಮ್ರದ ಲೇಪ ಸೊಗಸಾಗಿ ಕೂತಿತ್ತು. ಆದರೆ ಆ ಲೇಪಕ್ಕೂ ಹಾಳೆಯ ಅಂಚಿಗೂ ನಡುವೆ ಕೂದಲಿನಂತಹ ಒಂದು ಕಪ್ಪು ಗೆರೆ! ಮಸಿ. ಎಮರಿ ಕಾಗದ ಹಲಗೆಯ ಮೇಲ್ಮೈಯ ಮಸಿಯನ್ನು ತೆಗೆದಿತ್ತು; ತೂತಿನೊಳಗೆ ಮುಖಮಾಡಿರುವ 35 ಮೈಕ್ರೋಮೀಟರಿನ ಹಾಳೆಯ ಅಂಚನ್ನು ಅದು ಮುಟ್ಟುವುದಾದರೂ ಹೇಗೆ? ತಾಮ್ರದ ಮೇಲೆ ಕೂರಬೇಕಾಗಿದ್ದ ತಾಮ್ರ ಅಲ್ಲಿ ಮಸಿಯ ಮೇಲೆ ಕೂತಿತ್ತು. ಬಿಸಿಯಾದಾಗ ಎಪಾಕ್ಸಿ ಹಲಗೆ ದಪ್ಪದ ದಿಕ್ಕಿನಲ್ಲಿ ತಾಮ್ರಕ್ಕಿಂತ ಮೂರು ನಾಲ್ಕು ಪಟ್ಟು ಹೆಚ್ಚು ಹಿಗ್ಗುತ್ತದೆ. ಹಾಗೆ ಹಿಗ್ಗಿದ ಹಲಗೆ ಎಳೆದಾಗ ಗಟ್ಟಿಯಾದ ಕೂಡಿಕೆ ತಾಳಿಕೊಳ್ಳುತ್ತದೆ. ಮಸಿಯ ಕೂಡಿಕೆ ಬಾಯಿಬಿಡುತ್ತದೆ.

ಸಂಪರ್ಕ ಕಡಿದರೆ ಮೋಟಾರು ನಿಲ್ಲುವಂತೆ ಮಂಡಲವನ್ನು ರೂಪಿಸದೆ, ತಿರುಗುತ್ತಲೇ ಇರುವಂತೆ ರೂಪಿಸಿದ್ದು ಬೇರೆಯದೇ ಒಂದು ತಪ್ಪು. ಅದನ್ನು ಅವನಿಗೆ ಹೇಳಿದೆ. ಅದಾಗಲೇ ಅವನಿಗೂ ಹೊಳೆದಿತ್ತು.

ಮಸಿಯನ್ನು ತಾಮ್ರದ ಅಂಚಿನಿಂದ ತೆಗೆಯಬೇಕು, ಗಾಜುರಾಳದ ಗೋಡೆಯ ಮೇಲೆ ಉಳಿಸಬೇಕು. ಎರಡೂ ಒಂದೇ ತೂತಿನೊಳಗೆ ಅಕ್ಕಪಕ್ಕದಲ್ಲಿವೆ. ಇದಕ್ಕೆ ಕಾರ್ಖಾನೆಯವರು ಮಾಡುವ ಉಪಾಯವನ್ನು ಕೇಳಿದರೆ ಮೆಚ್ಚುಗೆಯಾಗುತ್ತದೆ. ಅವರು ಮಸಿಯ ತಂಟೆಗೇ ಹೋಗುವುದಿಲ್ಲ. ಸೋಡಿಯಂ ಪರ್ಸಲ್ಫೇಟಿನಂತಹ ದ್ರಾವಣದಲ್ಲಿ ಹಲಗೆಯನ್ನು ಸ್ವಲ್ಪ ಹೊತ್ತು ಅದ್ದುತ್ತಾರೆ. ದ್ರಾವಣ ಮಸಿಯ ಸಂದುಗಳಲ್ಲಿ ಇಳಿದು ಅದರಡಿಯ ತಾಮ್ರವನ್ನು ಒಂದೆರಡು ಮೈಕ್ರೋಮೀಟರಿನಷ್ಟು ಕರಗಿಸುತ್ತದೆ. ಗೋಡೆಯ ಸುಣ್ಣ ಉದುರಿದಾಗ ಅದರ ಮೇಲೆ ಬರೆದ ಚಿತ್ರವೂ ಉದುರುವಂತೆ, ತಾಮ್ರದ ಮೇಲಿನ ಮಸಿ ತಳ ಕಳೆದುಕೊಂಡು ತೊಳೆದುಹೋಗುತ್ತದೆ. ಗಾಜುರಾಳವನ್ನು ಆ ದ್ರಾವಣ ಕರಗಿಸದು. ಅಲ್ಲಿಯ ಮಸಿ ಅಲ್ಲಿಯೇ ಉಳಿಯುತ್ತದೆ. ಅಳಿಯ ಈ ಹಂತವನ್ನು ಓದಿದ್ದ, ಅನಾವಶ್ಯಕವೆಂದು ಬಿಟ್ಟಿದ್ದ.

ಎರಡನೆಯ ಫಲಕಕ್ಕೆ ಅವನು ಯಾವುದನ್ನೂ ಬಿಡಲಿಲ್ಲ. ಮೊದಲು ಒಂದು ಚೂರು ಹಲಗೆಯಲ್ಲಿ ಮಾಡಿ, ಕೊಯ್ದು ನೋಡಿ, ಕಪ್ಪು ಗೆರೆ ಇಲ್ಲವೆಂದು ಖಚಿತವಾದ ಮೇಲೆಯೇ ಮುಂದುವರಿದ.

ಇಷ್ಟಾಗುವ ಹೊತ್ತಿಗೆ ಕೊಟ್ಟಿಗೆಯಲ್ಲಿ ನೀಲಿ, ಹಸಿರು, ಕಂದು ಬಣ್ಣದ ನೀರು ಹಲವು ಲೀಟರು ಕೂಡಿಬಿದ್ದಿತ್ತು. ಅದನ್ನು ಚರಂಡಿಗೆ ಚೆಲ್ಲಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನಮ್ಮ ಚರಂಡಿ ಸೇರುವುದು ಕೆರೆಯನ್ನು. ಕರಗಿದ ತಾಮ್ರ ಅತ್ಯಲ್ಪವಿದ್ದರೂ ಮೀನಿಗೆ ವಿಷ. ಇಲ್ಲಿ ನೆರವಿಗೆ ಬಂದದ್ದು ಭಾವನವರ ತೋಟದ ಅನುಭವ. ಕೊಳೆರೋಗದ ಮದ್ದಿಗೆ ನೂರು ಲೀಟರು ನೀರಿನಲ್ಲಿ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸುತ್ತಾರೆ. ಸುಣ್ಣ ಸಾಲದಾದರೆ ಕರಗಿದ ತಾಮ್ರ ಉಳಿದು ಗಿಡವನ್ನು ಸುಡುತ್ತದೆ. ಅದನ್ನು ತಿಳಿಯಲು ಹೊಳಪಿನ ಕತ್ತಿಯೊಂದನ್ನು ಮದ್ದಿನಲ್ಲಿ ಅದ್ದಿ ನೋಡುತ್ತಾರೆ. ಕಬ್ಬಿಣದ ಮೇಲೆ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕೆಂದು ಅರ್ಥ. ಕಬ್ಬಿಣವು ತಾಮ್ರವನ್ನು ಅದರ ಲವಣದಿಂದ ಹೊರದೂಡುವ ಕ್ರಿಯೆಯನ್ನು ನೀವು ಪ್ರಯೋಗಾಲಯದಲ್ಲಿ ಮೊಳೆಯೊಂದಿಗೆ ಮಾಡಿದ್ದೀರಲ್ಲವೆ? ಅದೇ ಇದು. ನಾವೂ ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿದೆವು. ತಳದಲ್ಲಿ ಕೆಸರು ಇಳಿಯಿತು. ಮೊಳೆಗೆ ಕೆಂಪು ಹತ್ತದಾಯಿತು. ಆದರೂ ಮೇಲಿನ ತಿಳಿಯನ್ನು ಕೆರೆಯ ದಾರಿಗೆ ಬಿಡಲು ನನಗೆ ಮನಸ್ಸಾಗಲಿಲ್ಲ. ಮೊಳೆಯ ಕಣ್ಣಿಗೆ ಕಾಣದ್ದು ಮೀನಿಗೆ ತಿಳಿದೀತು. ಅದನ್ನು ಅಗಲವಾದ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬಿಸಿಲಿಗಿಟ್ಟು ಆರಿಸಿದೆವು. ಉಳಿದ ಕೆಸರನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಮೇಲೆ ಹೆಸರು ಬರೆದು, ಅಪಾಯಕಾರಿ ತ್ಯಾಜ್ಯವನ್ನು ಸ್ವೀಕರಿಸುವವರಿಗೆ ಒಪ್ಪಿಸಲು ತೆಗೆದಿಟ್ಟೆವು.

ಹೊಸ ಫಲಕದ ತೂತುಗಳನ್ನು ಅಳೆಯುವುದೇ ಒಂದು ಸಮಸ್ಯೆಯಾಯಿತು. ತೂತಿನೊಳಗಿನ ತಾಮ್ರದ ಕೊಳವೆಯ ರೋಧ ಲೆಕ್ಕದ ಪ್ರಕಾರ ಅರ್ಧ ಮಿಲಿಓಮಿಗೂ ಕಡಮೆ. ಅಷ್ಟನ್ನು ಸಾಮಾನ್ಯ ಮಲ್ಟಿಮೀಟರ್ ತೋರಿಸದು. ಅದಕ್ಕೆಂದು ಒಂದು ಆಂಪೇರ್ ಪ್ರವಾಹವನ್ನು ತೂತಿನ ಮೂಲಕ ಹಾಯಿಸಿ, ಎರಡು ಬಾಯಿಗಳ ನಡುವಿನ ವಿಭವಾಂತರವನ್ನು ಮಿಲಿವೋಲ್ಟುಗಳಲ್ಲಿ ಅಳೆದು, ಓಮನ ನಿಯಮದಿಂದ ರೋಧವನ್ನು ಕಂಡುಕೊಳ್ಳಬೇಕಾಯಿತು. ಒಂದೊಂದಾಗಿ ಎಲ್ಲ ತೂತುಗಳನ್ನೂ ಅಳೆದ. ತಣ್ಣಗಿರುವಾಗ ಒಮ್ಮೆ, ಬಿಸಿಗಾಳಿ ಹಾಯಿಸಿ ಇನ್ನೊಮ್ಮೆ. ಅಂಕಿಗಳನ್ನು ನಾನು ಬರೆದುಕೊಳ್ಳುತ್ತಿದ್ದೆ. ಪುಸ್ತಕದ ಏಳು ಪುಟ ತುಂಬಿತು. ಮುಗಿದಾಗ ಬೆಳಗಿನ ನಾಲ್ಕು ಗಂಟೆ. ಮೊದಲ ಬಸ್ಸಿಗೆ ಅವನು ಫಲಕದೊಂದಿಗೆ ಊರಿಗೆ ಹೊರಟ.